ಎರಡು ಬೆರಳಿನ ಟೋಪಿ

1993ರ ಬೇಸಿಗೆಯಲ್ಲಿ ನಾನು ನಮ್ಮ ಮನೆಯ ಟೇಪ್ ರೆಕಾರ್ಡರನ್ನು ಬಿಚ್ಚಿ, ಅದರ ಮೋಟರಿನ ಬೆನ್ನಿನಲ್ಲಿರುವ ಸಣ್ಣ ತೂತಿನೊಳಕ್ಕೆ ತೆಳ್ಳನೆಯ ಸ್ಕ್ರೂಡ್ರೈವರ್ ಇಳಿಸಿ, ಅದು ಓಡುವ ವೇಗವನ್ನು ಹೆಚ್ಚಿಸಿದೆ. ನನ್ನ ಬಳಿ ಇದ್ದ ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ‘ಎ’ ಬದಿಯಲ್ಲಿ ಇಂಗ್ಲೆಂಡಿನ ರಾಕ್ ಸಂಗೀತದ ಬ್ಲ್ಯಾಕ್ ಸಬ್ಬತ್ ತಂಡದ ಎರಡನೆಯ ಆಲ್ಬಮ್ಮೂ ‘ಬಿ’ ಬದಿಯಲ್ಲಿ ಮೂರನೆಯದೂ ಇದ್ದವು. ‘ಎ’ ಬದಿಯ ಹಾಡುಗಳು ನನ್ನ ಗಿಟಾರಿನ ಶ್ರುತಿಗೆ ಕೂಡುತ್ತಿದ್ದವು. ‘ಬಿ’ ಬದಿಯ ಕೆಲವು ಹಾಡುಗಳು ಮಾತ್ರ ಏನು ಮಾಡಿದರೂ ಕೈಗೆ ಸಿಗುತ್ತಿರಲಿಲ್ಲ, ಏಕೆಂದರೆ ಗಿಟಾರಿನ ಅತಿ ದಪ್ಪ ತಂತಿಯನ್ನು ಎಲ್ಲಿಯೂ ಒತ್ತದೆ ಮೀಟಿದರೂ ಟೇಪಿನ ಸ್ವರ ಅದಕ್ಕಿಂತ ಕೆಳಗೇ ನುಡಿಯುತ್ತಿತ್ತು. ವಾದ್ಯದಲ್ಲಿ ಇಲ್ಲದ ಸ್ವರವನ್ನು ಯಾರೂ ನುಡಿಸಲಾರರಾದ್ದರಿಂದ, ಆ ಬದಿಯನ್ನು ತುಂಬಿಸಿಕೊಟ್ಟವನ ಯಂತ್ರದಲ್ಲೇ ದೋಷವಿರಬೇಕೆಂದು, ಐಟಿಐ ಮುಗಿಸಿ ಎರಡು ವರ್ಷವಾಗಿದ್ದ ಈ ಫಿಟ್ಟರ್ ತೀರ್ಮಾನಿಸಿದ್ದ.

ವೇಗ ಹೆಚ್ಚಿಸಿದ ಮೇಲೆ ಗಿಟಾರೇನೋ ಕೂಡಿಕೊಂಡಿತು. ಆದರೆ ಗಾಯಕ ಓಜಿ ಆಸ್ಬರ್ನ್‌ನ ಧ್ವನಿ ಹಸಿದ ಕೂಸಿನ ಧ್ವನಿಯಾಯಿತು. ಪಡಸಾಲೆಯಲ್ಲಿ ಕುಳಿತಿದ್ದ ಅಪ್ಪ, ‘ಯಾರ ಕುತ್ತಿಗಿ ಹಿಚಕಾಕತ್ತೀಯಲೇ?’ ಎಂದು ಕೇಳಿದರು. ಸ್ಕ್ರೂವನ್ನು ಮತ್ತೆ ಹಿಂದಕ್ಕೆ ತಿರುಗಿಸಿದೆನಾದರೂ ಅದು ಮೊದಲಿದ್ದ ಜಾಗಕ್ಕೆ ಸರಿಯಾಗಿ ಬಂದು ನಿಲ್ಲಲೇ ಇಲ್ಲ. ಅಪ್ಪ ಬೆಳಗಿನ ಹೊತ್ತು ಹಚ್ಚುತ್ತಿದ್ದ ಸಿದ್ಧರಾಮ ಜಂಬಲದಿನ್ನಿಯವರ ವಚನಗಳು ಆಮೇಲೆ ಎಷ್ಟೋ ವರ್ಷ ಕೂದಲೆಳೆಯಷ್ಟು ಏರಿದ ಶ್ರುತಿಯಲ್ಲೇ ಕೇಳಿಸಿದವು. ಬಯಲಾಟದ ಮೇಳಗಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದ ಅಪ್ಪನ ಕಿವಿಗೆ ಅದು ದಿನವೂ ಚುಚ್ಚುತ್ತಿತ್ತು, ದಿನವೂ ಅವರು ಅದನ್ನು ಹೇಳುತ್ತಿದ್ದರು.

ನಮ್ಮ ಬಳ್ಳಾರಿಯ ರಾಯಲ್ ಸರ್ಕಲ್ಲಿನ ಹತ್ತಿರ ಇಂಟರ್ನೆಟ್ ಸೆಂಟರುಗಳು ತೆರೆದ ಕಾಲಕ್ಕೆ, ಅಂದರೆ ಎಂಟೊಂಬತ್ತು ವರ್ಷಗಳ ನಂತರ, ಗಂಟೆಗೆ ಇಷ್ಟೆಂದು ಹಣ ಕೊಟ್ಟು ಕುಳಿತು ಓದಿದಾಗ ನನಗೆ ನಿಜ ತಿಳಿಯಿತು. ಆ ಕ್ಯಾಸೆಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. 1971ರಲ್ಲಿ ಬಂದ ಆ ಮೂರನೆಯ ಆಲ್ಬಮ್ಮಿನ ಕೆಲವು ಹಾಡುಗಳಿಗಾಗಿ ಗಿಟಾರ್ ವಾದಕ ಟೋನಿ ಐಯೋಮಿ ತನ್ನ ತಂತಿಗಳನ್ನೆಲ್ಲ ಸಡಿಲಿಸಿ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಇಳಿಸಿಕೊಂಡಿದ್ದ. ಅದಕ್ಕೆ ಕಾರಣ ಅವನ ಬೆರಳುಗಳು ಎಂದು ಓದಿದ ದಿನ ನಾನು ಹೆಚ್ಚುವರಿ ಅರ್ಧ ಗಂಟೆಯ ಹಣ ಕೊಟ್ಟು ಅಲ್ಲೇ ಕುಳಿತೆ.

ಐಯೋಮಿ ಹುಟ್ಟಿದ್ದು 1948ರ ಫೆಬ್ರುವರಿ 19ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅದು ನಮ್ಮ ತೋರಣಗಲ್ಲಿನಂತೆ ಕಬ್ಬಿಣದ ಸದ್ದಿನಲ್ಲೇ ಬೆಳಗಾಗುವ ಊರು. ಎಡಗೈ ರೂಢಿಯ ಹುಡುಗನಾದ್ದರಿಂದ ತಂತಿ ಮೀಟುವುದು ಎಡಗೈಯಲ್ಲಿ, ಸ್ವರಗಳನ್ನು ಒತ್ತುವುದು ಬಲಗೈಯಲ್ಲಿ. ಹದಿನೇಳನೆಯ ವಯಸ್ಸಿಗೆ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಯುರೋಪಿನ ಪ್ರವಾಸಕ್ಕೆ ಹೊರಟಿದ್ದ ತಂಡವೊಂದು ಅವನನ್ನು ಸೇರಿಸಿಕೊಂಡಿದ್ದರಿಂದ ಆ ಕೆಲಸವನ್ನು ಬಿಟ್ಟಿದ್ದ, ಅಂದು ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ತಿರುಗಿ ಹೋಗುವುದಿಲ್ಲ ಎಂದಾಗ, ಹಿಡಿದ ಕೆಲಸವನ್ನು ನೆಟ್ಟಗೆ ಮುಗಿಸಿ ಬಾ ಎಂದು ಕಳಿಸಿದವಳು ಅವನ ತಾಯಿ. ಬೇರೊಬ್ಬರು ಬಾರದ ಕಾರಣ ಅಂದು ಅವನನ್ನು ಅಭ್ಯಾಸವಿಲ್ಲದ ಒತ್ತುಯಂತ್ರದ ಮುಂದೆ ನಿಲ್ಲಿಸಲಾಗಿತ್ತು. ಆ ಯಂತ್ರ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳುಗಳ ತುದಿಗಳನ್ನು ತೆಗೆದುಕೊಂಡಿತು. ತಂತಿ ಒತ್ತುವ ಕೈಯಲ್ಲಿ ಇವೆರಡು ಹೋದರೆ ಉಳಿಯುವುದು ತೋರುಬೆರಳು ಮತ್ತು ಕಿರುಬೆರಳು. ಗಿಟಾರನ್ನು ಮರೆತುಬಿಡು ಎಂದೇ ವೈದ್ಯರು ಹೇಳಿದರಂತೆ.

ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮಫೋನ್ ತಟ್ಟೆ ಹಿಡಿದುಕೊಂಡು ಮನೆಗೆ ಬಂದದ್ದು ಆಮೇಲೆ. ಅದರಲ್ಲಿ ನುಡಿಸಿದ್ದವನು ಜಾಂಗೋ ರೈನ್‌ಹಾರ್ಟ್. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಹೋದ ಮೇಲೂ ಉಳಿದ ಬೆರಳುಗಳಲ್ಲೇ ಜಾಝ್ ಗಿಟಾರಿನ ದಾರಿಯನ್ನೇ ಬದಲಿಸಿದ ಮನುಷ್ಯ. ಈ ತಟ್ಟೆಯ ಕಥೆಯನ್ನು ಐಯೋಮಿಯ ಅಭಿಮಾನಿಗಳೆಲ್ಲ ಕಣ್ಣೀರಿನ ಜೊತೆಗೆ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. ಧೈರ್ಯ ಬಂದ ಹುಡುಗ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಉಂಡೆ ಮಾಡಿದ, ಕಾದ ಸೋಲ್ಡರಿಂಗ್ ಕಡ್ಡಿಯಿಂದ ಅದರಲ್ಲಿ ಬೆರಳು ಹೋಗುವಷ್ಟು ತೂತು ಕೊರೆದ, ಉಜ್ಜುಕಾಗದದಿಂದ ಗಂಟೆಗಟ್ಟಲೆ ತಿಕ್ಕಿ ಬೆರಳಿನ ಆಕಾರಕ್ಕೆ ತಂದ, ತಂತಿಯ ಮೇಲೆ ಜಾರದಿರಲೆಂದು ಹಳೆಯ ಚರ್ಮದ ಜಾಕೆಟ್ಟಿನ ತುಂಡನ್ನು ಅದರ ಮೇಲೆ ಅಂಟಿಸಿದ. ಅಂಥ ಎರಡು ಟೋಪಿಗಳನ್ನು ಬೆರಳಿಗೆ ತೊಡಿಸಿ ಗಿಟಾರ್ ಎತ್ತಿಕೊಂಡ. ಇದನ್ನು ಓದುವವರೆಗೆ ಅವನು ನನಗೆ ಇಷ್ಟವಾದ ಒಬ್ಬ ವಾದಕ ಮಾತ್ರ. ಓದಿದ ಮೇಲೆ ನಮ್ಮ ಕಸುಬಿನವನಾದ.

ನನ್ನ ಕಸುಬನ್ನೂ ಇಲ್ಲಿ ಹೇಳಬೇಕು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಮೂವತ್ತು ವರ್ಷಗಳ ಕೆಲಸ. ಪ್ಯಾಂಟಿನ ಕಾಲುಗಳನ್ನು ಕೂಡಿಸುವ ಜಾಗದಲ್ಲಿ ದಪ್ಪ ಬಟ್ಟೆಯ ನಾಲ್ಕೈದು ಮಡಿಕೆಗಳನ್ನು ಒಂದೇ ಸಲಕ್ಕೆ ಚುಚ್ಚಿ ದಾಟುವ ಸೂಜಿಗಳು ಇಲ್ಲಿ ಇಡೀ ದಿನ ಓಡುತ್ತವೆ. ಸಂಜೆಯ ಹೊತ್ತು ನಾನು ಗಣೇಶೋತ್ಸವ, ಮದುವೆಗಳ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದೆ. ನಮ್ಮೂರಿನ ವೇದಿಕೆಯಲ್ಲಿ ಒಂದು ಕನ್ನಡ ಹಾಡಿಗೆ ಒಂದು ತೆಲುಗು ಹಾಡನ್ನು ಹಾಕದಿದ್ದರೆ ಜನ ಏಳುತ್ತಾರೆ. ಹಾಗಾಗಿ ನನಗೆ ಎರಡೂ ಬರುತ್ತವೆ. ಬ್ಲ್ಯಾಕ್ ಸಬ್ಬತ್ ನುಡಿಸಿ ಎಂದು ಈವರೆಗೆ ಒಬ್ಬರೂ ಚೀಟಿ ಕಳಿಸಿಲ್ಲ. ಮೊದಲ ಗಿಟಾರನ್ನು ಕೊಂಡಾಗ ಅದರ ಹೆಸರು ಗಿವ್ಸನ್ ಎಂದಿದ್ದುದನ್ನು ಕಂಡು ಎರಡು ದಿನ ನೆಲದ ಮೇಲೆ ನಡೆದಿರಲಿಲ್ಲ. ಐಯೋಮಿಯದು ಅಮೆರಿಕದ ಗಿಬ್ಸನ್, ನನ್ನದು ಕೋಲ್ಕತ್ತದಲ್ಲಿ ತಯಾರಾಗುವ ಗಿವ್ಸನ್ ಎಂದು ಗೆಳೆಯನೊಬ್ಬ ಓದಿ ತೋರಿಸಿದ ಮೇಲೆ ಇಳಿದೆ.

2004ರಲ್ಲಿ ಒಂದು ಘಟಕದಲ್ಲಿ ಯಂತ್ರವೊಂದರ ಲೂಪರ್, ಅಂದರೆ ಕೆಳಗಿನಿಂದ ದಾರ ಹೆಣೆಯುವ ಕೊಕ್ಕೆ, ಅದರ ಟೈಮಿಂಗ್ ಸರಿಪಡಿಸುತ್ತಿದ್ದಾಗ, ಯಾರೋ ಮೆಯಿನ್ ಹಾಕಿ ಪೆಡಲ್ ಮೇಲೆ ಕಾಲಿಟ್ಟರು. ಸೂಜಿ ನನ್ನ ಎಡಗೈ ಉಂಗುರ ಬೆರಳಿನ ಉಗುರಿನ ಮೂಲಕ ಇಳಿದು ಆ ಕಡೆಗೆ ಬಂತು. ಹೊಲಿಗೆಯ ಕೆಲಸದವರಿಗೆ ಇದು ಅಪರೂಪದ ಗಾಯವಲ್ಲ. ಬೆರಳು ಉಳಿಯಿತು, ತಿಂಗಳಲ್ಲಿ ಮಾಯ್ದಿತು, ಆದರೆ ತುದಿಯ ಸ್ಪರ್ಶ ಹೋಯಿತು. ಈಗಲೂ ಆ ತುದಿಗೆ ಬಿಸಿ ತಣ್ಣಗೆ ಒಂದೇ. ಐಯೋಮಿ ಕಳೆದುಕೊಂಡದ್ದಕ್ಕೆ ಇದನ್ನು ಹೋಲಿಸುವುದು ನಾಚಿಕೆಗೇಡು ಎಂಬುದು ನನಗೆ ಗೊತ್ತಿದೆ. ಆದರೂ ಮೊದಲ ಸಲ ಗಿಟಾರ್ ಹಿಡಿದು ಆ ಬೆರಳಿನಿಂದ ತಂತಿ ಒತ್ತಿದಾಗ, ಒತ್ತಿದೆನೋ ಇಲ್ಲವೋ ಎಂಬುದೇ ತಿಳಿಯದೆ ಮೈ ಜುಮ್ಮೆಂದಿತು.

ಆಗ ಟೋಪಿ ಮಾಡುವ ಹುಚ್ಚು ಹಿಡಿಯಿತು. ಅಗತ್ಯವಿತ್ತೆಂದಲ್ಲ, ಮಾಡಿ ನೋಡಬೇಕಿತ್ತು. ಖಾಲಿ ಶಾಂಪೂ ಬಾಟಲಿಯನ್ನು ಕತ್ತರಿಸಿ ಹಳೆಯ ಡಬ್ಬಿಯಲ್ಲಿ ಕರಗಿಸಿದೆ. ಮನೆಯವರೆಲ್ಲ ಆ ವಾಸನೆಗೆ ಮಾಳಿಗೆ ಏರಿದರು. ಉಂಡೆ ಆರಿದ ಮೇಲೆ ಸೋಲ್ಡರಿಂಗ್ ಕಡ್ಡಿ ಚುಚ್ಚಿದರೆ ತೂತಿನ ಅಂಚು ಕರಗಿ ಒಳಗೇ ಮಡಚಿಕೊಳ್ಳುತ್ತದೆ, ಅದನ್ನು ಬ್ಲೇಡಿನಿಂದ ಹೆರೆಯಬೇಕು, ಹೆರೆದಷ್ಟೂ ತೂತು ದೊಡ್ಡದಾಗುತ್ತದೆ. ಚರ್ಮಕ್ಕೆ ನನಗೆ ಕೊರತೆ ಇರಲಿಲ್ಲ: ಜೀನ್ಸಿನ ಸೊಂಟಪಟ್ಟಿಯ ಮೇಲೆ ಕಂಪನಿಯ ಹೆಸರೊತ್ತಿ ಹೊಲಿಯುವ ತೊಗಲಿನ ಬಿಲ್ಲೆಗಳು ತಿರಸ್ಕೃತವಾದವು ಚೀಲಗಟ್ಟಲೆ ಬಿದ್ದಿರುತ್ತವೆ. ಮೊದಲ ಟೋಪಿ, ತಂತಿಯನ್ನು ಪಕ್ಕಕ್ಕೆ ಎಳೆದ ಕೂಡಲೇ ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಎರಡನೆಯದು ಗಟ್ಟಿಯಾಗಿ ಕುಳಿತಿತು, ಆದರೆ ತುದಿ ದಪ್ಪವಾಗಿ ಪಕ್ಕದ ತಂತಿಯನ್ನೂ ಮುಟ್ಟಿ ಅದರ ಬಾಯಿ ಮುಚ್ಚಿಸುತ್ತಿತ್ತು. ಮೂರನೆಯದಕ್ಕೆ ತೆಳುವಾದ ಚರ್ಮ ಹಚ್ಚಿದರೆ ತಂತಿ ಅದನ್ನು ಒಂದೇ ವಾರದಲ್ಲಿ ಗರಗಸದಂತೆ ಕೊಯ್ದುಹಾಕಿತು. ಚರ್ಮ ಒರಟಾಗಿದ್ದರೆ ತಂತಿ ಅಂಟಿಕೊಂಡು ಬೆರಳು ಸರಿಯುವುದಿಲ್ಲ, ನುಣುಪಾಗಿದ್ದರೆ ತಂತಿ ಹಿಡಿತಕ್ಕೆ ನಿಲ್ಲುವುದಿಲ್ಲ. ಇವೆರಡರ ನಡುವಿನ ಹದ ಸಿಗುವಷ್ಟರಲ್ಲಿ ದಸರಾ ಮುಗಿದಿತ್ತು.

ಆ ಎರಡು ತಿಂಗಳಲ್ಲಿ ನನಗೆ ಐಯೋಮಿಯ ಸಂಗೀತ ಅರ್ಥವಾದಷ್ಟು ಹದಿನಾಲ್ಕು ವರ್ಷ ಕೇಳಿದರೂ ಆಗಿರಲಿಲ್ಲ. ಟೋಪಿ ಹಾಕಿದ ಬೆರಳಿಗೆ ತಂತಿ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ, ಕಿವಿಯೇ ಹೇಳಬೇಕು. ಗೊತ್ತಾಗದ ಬೆರಳು ಅಗತ್ಯಕ್ಕಿಂತ ಜೋರಾಗಿ ಒತ್ತುತ್ತದೆ, ಜೋರಾಗಿ ಒತ್ತಿದರೆ ಬೇಗ ದಣಿಯುತ್ತದೆ. ಹಾಗಾದರೆ ತಂತಿಯೇ ಮೃದುವಾಗಬೇಕು. ಆ ಕಾಲದಲ್ಲಿ ಗಿಟಾರಿನ ತೆಳು ತಂತಿಗಳ ಸೆಟ್ ಅಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ ಐಯೋಮಿ ಬ್ಯಾಂಜೊ ವಾದ್ಯದ ತಂತಿಗಳನ್ನು ತಂದು ಏರಿಸಿಕೊಂಡ. ಅದೂ ಸಾಲದೆ ಶ್ರುತಿಯನ್ನೇ ಇಳಿಸಿದ. ಇದರ ಲೆಕ್ಕ ಸುಲಭ: ತಂತಿಯ ಬಿಗಿತ ಅದರ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಮೂರು ಅರ್ಧಸ್ವರ ಇಳಿಸಿದರೆ ಬಿಗಿತ ನೂರಕ್ಕೆ ಎಪ್ಪತ್ತೊಂದಕ್ಕೆ ಬರುತ್ತದೆ. ಅಂದರೆ ನೊಂದ ಬೆರಳಿನ ಹೊರೆಯಲ್ಲಿ ಸುಮಾರು ಶೇ. 29ರಷ್ಟು ಕಡಿತ. ಜೊತೆಗೆ ಸಡಿಲಾದ ದಪ್ಪ ತಂತಿ, ಮೀಟಿದಾಗ ನೆಲದಿಂದ ಎದ್ದಂತೆ ಗುಡುಗುತ್ತದೆ. ಹೆವಿ ಮೆಟಲ್ ಎಂದು ಮುಂದೆ ಹೆಸರಾದ ಸಂಗೀತದ ತೂಕಕ್ಕೆ ಈ ಗುಡುಗು ಬಹುಮಟ್ಟಿಗೆ ಕಾರಣ. ಅಂದಹಾಗೆ, 1993ರಲ್ಲಿ ನಾನು ಮೋಟರಿನ ವೇಗವನ್ನು ಎಷ್ಟು ಹೆಚ್ಚಿಸಿರಬೇಕು ಎಂದು ಅದೇ ಲೆಕ್ಕದಲ್ಲಿ ನೋಡಿದೆ, ಶೇ. 19. ಓಜಿ ಕೂಸಾದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿಯನ್ನು ನನಗೆ ತೋರಿಸಿದವರು ಅಪ್ಪ. ತುದಿಯಿಲ್ಲದ ಬೆರಳುಗಳಿಗೆ ಐದಾರು ತಂತಿಗಳ ಪೂರ್ಣ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಹಿಡಿಯುವುದು ಕಷ್ಟ, ಹಾಗಾಗಿ ಐಯೋಮಿ ಹೆಚ್ಚಾಗಿ ಎರಡು ಸ್ವರಗಳ ಕಾರ್ಡನ್ನೇ ದಪ್ಪವಾಗಿ ನುಡಿಸುತ್ತಾನೆ. ಪವರ್ ಕಾರ್ಡ್ ಎಂದು ಅದರ ಹೆಸರು. ಒಂದು ಸಂಜೆ ನಾನು ಅದನ್ನು ಅಭ್ಯಾಸ ಮಾಡುತ್ತಿದ್ದಾಗ ಅಪ್ಪ ಪೇಟಿಯ ಮೇಲೆ ಎರಡು ಬೆರಳಿಟ್ಟು ಅದನ್ನೇ ಹಿಡಿದರು. ‘ಇದಕ್ಕ ಇಷ್ಟು ಒದ್ದಾಡಾಕತ್ತೀಯೇನಪ್ಪ, ಸಾ ಪಾ ಅಷ್ಟ ಅಲ್ಲೇನು?’ ಎಂದರು. ಹೌದು, ಷಡ್ಜ ಮತ್ತು ಪಂಚಮ. ತಂಬೂರಿಯಲ್ಲಿ ನಾವು ಹುಟ್ಟಿದಾಗಿನಿಂದ ಕೇಳುತ್ತ ಬಂದ ಜೋಡಿಯನ್ನೇ ಆ ಮನುಷ್ಯ ಲೇನಿ ಆಂಪ್ಲಿಫೈಯರಿನ ಮೂಲಕ ಹೊರಕ್ಕೆ ಎಸೆಯುತ್ತಿದ್ದ. ಮರುದಿನ ನಾನು ಮೊದಲ ಆಲ್ಬಮ್ಮಿನ ಮೊದಲ ಹಾಡಿನ ಆರಂಭವನ್ನು ಅಪ್ಪನಿಗೆ ಕೇಳಿಸಿದೆ. ಮಳೆ, ದೂರದ ಗಂಟೆ, ಆಮೇಲೆ ಮೂರೇ ಸ್ವರ: ಷಡ್ಜ, ತಾರ ಷಡ್ಜ, ಅಲ್ಲಿಂದ ಇಳಿದು ತೀವ್ರ ಮಧ್ಯಮ. ಆ ಅಂತರವನ್ನು ಯುರೋಪಿನ ಹಳೆಯ ಸಂಗೀತಶಾಸ್ತ್ರಜ್ಞರು ಸೈತಾನನದೆಂದು ಕರೆದು ದೂರವಿಟ್ಟಿದ್ದರು. ನಮ್ಮಲ್ಲಿ ಯಮನ್ ರಾಗಕ್ಕೆ ಸಂಜೆಯ ಬಣ್ಣ ಕೊಡುವುದೇ ಅದು. ಅಪ್ಪ ಕಣ್ಣು ಮುಚ್ಚಿ ಕೇಳಿ, ‘ತೀವ್ರ ಮಧ್ಯಮ ಹಿಡದಾನ, ಆದ್ರ ಪಂಚಮಕ್ಕ ಹೋಗವಲ್ಲ. ಅದಕ್ಕ ಅಂಜಿಕಿ ಬರತೈತಿ’ ಎಂದರು. ಈ ಹಾಡಿನ ಬಗ್ಗೆ ನಾನು ಇಂಗ್ಲಿಷಿನಲ್ಲಿ ಓದಿದ ಯಾವ ವಿಶ್ಲೇಷಣೆಯೂ ಇಷ್ಟು ನೇರವಾಗಿರಲಿಲ್ಲ. ಗಿಟಾರಿಗೆ ಮೊದಲು ಐಯೋಮಿ ಕಲಿತದ್ದು ಅಕಾರ್ಡಿಯನ್ ಎಂದು ತಿಳಿಸಿದಾಗ, ‘ಕೊರಳಿಗೆ ಹಾಕ್ಕೊಳ್ಳೋ ಪೇಟಿ. ಹಂಗಾದ್ರ ನಮ್ಮವನ’ ಎಂದು ಅಪ್ಪ ಟೇಪ್ ರೆಕಾರ್ಡರಿನ ಪಾಪವನ್ನು ಅರ್ಧ ಮನ್ನಿಸಿದರು.

ಅಭಿಮಾನವಿದ್ದ ಮಾತ್ರಕ್ಕೆ ಎಲ್ಲವನ್ನೂ ಹೊಗಳಬೇಕಾಗಿಲ್ಲ. 1970ರಿಂದ 1975ರವರೆಗಿನ ಆರು ಆಲ್ಬಮ್‌ಗಳು, ಅವುಗಳ ಮೇಲೆ 1980ರದೊಂದು, ಇಷ್ಟು ನನಗೆ ಸಾಕು. ಗಾಯಕರೂ ಡ್ರಮ್ಮರುಗಳೂ ಬದಲಾಗುತ್ತಲೇ ಹೋದ ನಂತರದ ವರ್ಷಗಳಲ್ಲಿ ತಂಡದಲ್ಲಿ ಕೊನೆಯವರೆಗೂ ಉಳಿದವನು ಅವನೊಬ್ಬನೇ, ಆದರೆ ಉಳಿಯುವುದಕ್ಕಾಗಿಯೇ ಉಳಿದಂತೆ ಕೆಲವು ದಾಖಲೆಗಳು ಕೇಳಿಸುತ್ತವೆ. ಅವನ ಸೋಲೋಗಳಲ್ಲಿಯೂ ಕೆಲವು ಉದ್ದವಾದವು. ಅವನ ಶಕ್ತಿ ಇರುವುದು ರಿಫ್‌ನಲ್ಲಿ, ಅಂದರೆ ಹಾಡಿನ ಬೆನ್ನೆಲುಬಾಗಿ ಮರಳಿ ಮರಳಿ ಬರುವ ನಾಲ್ಕಾರು ಸ್ವರಗಳ ಆ ಕಟ್ಟಿನಲ್ಲಿ. ನಮ್ಮ ಬಯಲಾಟದಲ್ಲಿ ಪಾತ್ರಧಾರಿ ಕುಣಿದು ಬರುವಾಗ ಮದ್ದಲೆಯೂ ಪೇಟಿಯೂ ಸೇರಿ ಹಿಡಿಯುವ ತುಂಡನ್ನು ನೆನೆಸಿಕೊಂಡರೆ ರಿಫ್ ಎಂದರೇನು ಎಂಬುದು ಹೊಳೆಯುತ್ತದೆ. ಪಾತ್ರ ಬದಲಾದರೂ ಆ ತುಂಡು ನೆನಪಿನಲ್ಲಿ ನಿಲ್ಲುತ್ತದೆ.

ಅವನ ಶಿಸ್ತು ಕೂಡ ನನಗೆ ಪ್ರಿಯ. 1968ರ ಕೊನೆಯಲ್ಲಿ ಕೆಲವೇ ದಿನ ಜೆಥ್ರೋ ಟಲ್ ಎಂಬ ತಂಡದ ಜೊತೆಗಿದ್ದು ಅವರು ಕೆಲಸ ಮಾಡುವ ಬಗೆ ನೋಡಿ ಬಂದವನು, ತನ್ನ ಗೆಳೆಯರನ್ನೂ ಬೆಳಗ್ಗೆ ಒಂಬತ್ತಕ್ಕೆ ತಾಲೀಮಿಗೆ ಎಬ್ಬಿಸತೊಡಗಿದನಂತೆ. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಅವರ ಮೊದಲ ಆಲ್ಬಮ್ಮು ಲಂಡನ್ನಿನ ಸ್ಟುಡಿಯೊ ಒಂದರಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಣಗೊಂಡದ್ದು ಸುಮ್ಮನೆ ಅಲ್ಲ. ಆ ದಿನ ಅವನ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಕೆಟ್ಟಿತು, ಪಕ್ಕದಲ್ಲಿಟ್ಟುಕೊಂಡಿದ್ದ ಗಿಬ್ಸನ್ ಎಸ್‌ಜಿ ಕೈಗೆ ಬಂತು, ಮುಂದೆ ಆ ಮಾದರಿಯೇ ಅವನ ಗುರುತಾಯಿತು. ಬದಲಿ ಉಪಕರಣವಿಲ್ಲದೆ ಕೆಲಸಕ್ಕೆ ಹೋಗಬಾರದೆಂದು ನಮ್ಮ ಹುಡುಗರಿಗೆ ನಾನು ಹೇಳುವಾಗ ಈ ಕಥೆಯನ್ನು ಹೇಳುತ್ತೇನೆ. ಅವರು ಕೇಳಿಸಿಕೊಂಡಂತೆ ಮಾಡುತ್ತಾರೆ.

ರಾಕ್ ನಮ್ಮ ನೆಲದ್ದಲ್ಲ ಎಂದು ಆರ್ಕೆಸ್ಟ್ರಾದ ಗೆಳೆಯರು ನನ್ನನ್ನು ಕಾಡಿಸುವುದುಂಟು. ಅವರನ್ನು ಒಮ್ಮೆ ಸಂಗನಕಲ್ಲು ಬಳಿಯ ಕುಪ್ಪಗಲ್ಲು ಗುಡ್ಡಕ್ಕೆ ಕರೆದೊಯ್ದೆ. ಅಲ್ಲಿ ನವಶಿಲಾಯುಗದ ಜನ ಕೆತ್ತಿದ ಚಿತ್ರಗಳ ನಡುವೆ, ಬಡಿದರೆ ಗಂಟೆಯಂತೆ ನುಡಿಯುವ ಕಪ್ಪು ಬಂಡೆಗಳಿವೆ. ಬಡಿದು ಬಡಿದು ಬಟ್ಟಲಿನಂತೆ ಕುಳಿಬಿದ್ದ ಗುರುತುಗಳೂ ಇವೆ. ರಾಕ್ ಎಂಬ ಮಾತಿಗೆ ಇದಕ್ಕಿಂತ ನೇರವಾದ ಅರ್ಥ ಇಲ್ಲ ಎಂದೆ. ನಕ್ಕರು, ಆದರೆ ಇಳಿಯುವಾಗ ಇಬ್ಬರು ಕಲ್ಲುಗಳನ್ನು ತಟ್ಟುತ್ತಲೇ ಬಂದರು.

2012ರ ಆರಂಭದಲ್ಲಿ ಐಯೋಮಿಗೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಎಂಬ ಸುದ್ದಿ ಬಂದಾಗ ನಾನು ಯಾರಿಗೂ ಹೇಳಿಕೊಳ್ಳಲಿಲ್ಲ. ಏಳು ಸಮುದ್ರದಾಚೆಯವನಿಗಾಗಿ ಮುಖ ಸಪ್ಪಗೆ ಮಾಡಿಕೊಂಡು ಕೂತರೆ ಘಟಕದಲ್ಲಿ ಯಾರು ಒಪ್ಪುತ್ತಾರೆ? ಚಿಕಿತ್ಸೆಯ ನಡುವೆಯೇ ಅವನು ಕೆಲಸ ಮಾಡಿದ, ಮರುವರ್ಷ ಆಲ್ಬಮ್ ಬಂತು, 2017ರ ಫೆಬ್ರುವರಿ 4ರಂದು ಬರ್ಮಿಂಗ್‌ಹ್ಯಾಮಿನಲ್ಲೇ ಪ್ರವಾಸಗಳಿಗೆ ಮಂಗಳ ಹಾಡಿದ. 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಮೊದಲಿನ ನಾಲ್ವರೂ ಮತ್ತೊಮ್ಮೆ ಒಟ್ಟಿಗೆ ನಿಂತರು. ನಿಂತರು ಎನ್ನುವಂತಿಲ್ಲ, ಓಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದ. ಆಮೇಲೆ ಹದಿನೇಳು ದಿನಕ್ಕೆ ಅವನು ತೀರಿಕೊಂಡ.

ಆ ಕಛೇರಿಯ ತುಣುಕುಗಳನ್ನು ನಾನು ಮರುದಿನ ಅಂಗಡಿಯಲ್ಲಿ ಮೊಬೈಲಿನಲ್ಲಿ ನೋಡಿದೆ. ಎಲ್ಲರ ಕಣ್ಣೂ ಓಜಿಯ ಮೇಲಿದ್ದಾಗ ನಾನು ಐಯೋಮಿಯ ಬಲಗೈ ಕಾಣುವ ಕ್ಷಣಕ್ಕೆ ಕಾಯುತ್ತಿದ್ದೆ. ಕ್ಯಾಮೆರಾ ಒಮ್ಮೆ ಅತ್ತ ತಿರುಗಿತು. ನಿಲ್ಲಿಸಿ, ಎರಡು ಬೆರಳಿನಿಂದ ಪರದೆಯನ್ನು ಹಿಗ್ಗಿಸಿ ನೋಡಿದೆ: ನಡುಬೆರಳು ಮತ್ತು ಉಂಗುರ ಬೆರಳಿನ ತುದಿಯಲ್ಲಿ ಟೋಪಿಗಳಿದ್ದವು. ಎಪ್ಪತ್ತೇಳರ ಕೈ, ಅರವತ್ತು ವರ್ಷದ ಗಾಯ. ಮುಖದಲ್ಲಿ ಯಾವ ಆವೇಶವೂ ಇಲ್ಲ, ಲೇತ್ ಮುಂದೆ ನಿಂತ ಹಳೆಯ ಕೆಲಸಗಾರನಂತೆ ತಲೆ ತಗ್ಗಿಸಿ ತನ್ನ ಪಾಡಿಗೆ ನುಡಿಸುತ್ತಿದ್ದ.

ನನ್ನ ನಾಲ್ಕನೆಯ ಟೋಪಿ, ಅಂದರೆ ಹದಕ್ಕೆ ಬಂದದ್ದು, ಬಾಬಿನ್ ಮತ್ತು ಸೂಜಿಗಳ ಡ್ರಾಯರಿನಲ್ಲೇ ಇರುತ್ತದೆ. ಕೆಲಸ ಕಲಿಯಲು ಬಂದಿರುವ ಹುಡುಗ ಮೊನ್ನೆ ಲೂಪರ್ ಹುಡುಕುವಾಗ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

‘ಅಣ್ಣಾ, ಇದು ಯಾವ ಮಿಷಿನ್ ಪಾರ್ಟು?’

‘ಗಿಟಾರಿಂದು’ ಎಂದೆ.

ಅವನು ಅದನ್ನು ತನ್ನ ಬೆರಳಿಗೆ ಹಾಕಿ ನೋಡಿ, ತೆಗೆದು, ‘ಇದರಾಗ ಒಂದು ಸೈಜ್ ದೊಡ್ಡದು ಸಿಗತೈತೇನಣ್ಣಾ?’ ಎಂದು ಕೇಳಿದ.